ಟ್ರೈ ಬಿಟ್ಟೆ, ಮಾಸ್ಕ್ ಹಿಡಿದೆ: ಅಕ್ಷರ ಕೊಟ್ಟು ಇಂಗ್ಲಿಷ್ ಪದ ಹುಡುಕಿದ ನನ್ನ ಅನುಭವ

1.73 ಲಕ್ಷ ಇಂಗ್ಲಿಷ್ ಪದ, ನಾಲ್ಕು ವರ್ಷ ಹಳೆಯ ಫೋನು. ಸರ್ವರ್ ಇಲ್ಲ, ನೆಟ್ ಕೂಡ ಬೇಡ. ಯಾವ ಅಕ್ಷರಗಳನ್ನು ಕೊಟ್ಟರೂ ಅವೆಲ್ಲ ಇರುವ ಪದಗಳು ನಾಲ್ಕೈದು ಮಿಲಿಸೆಕೆಂಡಿನಲ್ಲಿ ಬಂದುಬಿಡುತ್ತವೆ. "ಸಾಲಾಗಿ ಎಲ್ಲ ಪದ ನೋಡ್ತಾ ಹೋದ್ರೆ ಮುಗಿದಂಗೇ, ಟ್ರೈ ಕಟ್ಟು" ಎಂದು ನಮ್ಮ ಭಾನುವಾರದ ಸ್ಕ್ರ್ಯಾಬಲ್ ಗುಂಪಿನ ಇಬ್ಬರು ಪ್ರೋಗ್ರಾಮರ್ ಗೆಳೆಯರು ಒಂದು ವರ್ಷ ಹೇಳುತ್ತಲೇ ಇದ್ದರು. ಟ್ರೈ ಅಂದರೆ ಪದಗಳನ್ನು ಅಕ್ಷರ ಅಕ್ಷರವಾಗಿ ಕೊಂಬೆಗಳಲ್ಲಿ ಜೋಡಿಸಿದ ಮರ. ನಾನು ಸಾಲಾಗಿಯೇ ನೋಡಿದೆ, ಕೆಲಸ ಆಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೇಳಿದ ಅಕ್ಷರ ಇರುವ ಸಾಲುಗಳನ್ನು ಫೈಲಿನಿಂದ ಹೆಕ್ಕುವ ಗ್ರೆಪ್ ಎಂಬ ಆದೇಶವಿದೆ, ಅಕ್ಷರಕ್ಕೊಂದರಂತೆ ಗ್ರೆಪ್ ಮೇಲೆ ಗ್ರೆಪ್ ಜೋಡಿಸಿದರೆ ಪದ ಸಿಗುತ್ತದೆ. ಒಬ್ಬರಿಗೆ ಅಷ್ಟು ಸಾಕು. ಗುಂಪಿನ ಏಳು ಜನಕ್ಕೆ ಫೋನಿನಲ್ಲಿ ಬೇಕಿತ್ತು. ಬಾಡಿಗೆ ಸರ್ವರ್ ತಗೊಂಡು ಪದಗಳನ್ನು ಡೇಟಾಬೇಸಿಗೆ ಹಾಕಿದೆ. ಅಕ್ಷರ ಪದದಲ್ಲಿ ಎಲ್ಲಾದರೂ ಇರಲಿ ಎಂದು ಅಲ್ಲಿನ ಲೈಕ್ ಪ್ರಶ್ನೆಗೆ ಮುಂದೆಯೂ ಹಿಂದೆಯೂ ಪರ್ಸೆಂಟ್ ಚಿಹ್ನೆ ಹಾಕಿದರೆ, ಬೇಗ ಹುಡುಕಲೆಂದು ಇರುವ ಇಂಡೆಕ್ಸ್ ಇದ್ದೂ ಇಲ್ಲದಂತೆ. ಅಲ್ಲೂ ಅದು ಸಾಲಾಗಿಯೇ ಹುಡುಕುತ್ತದೆ, ಆದರೆ ನಾನು ದುಡ್ಡು ಕೊಟ್ಟು! ತಿಂಗಳಿಗೆ ಎಂಟುನೂರರ ಹಾಗೆ ಏಳೆಂಟು ತಿಂಗಳು. ಆರು ಸಾವಿರದ ಹತ್ತಿರ ಹೋಯಿತು.

ಆಮೇಲೆ ಗೆಳೆಯರ ಮಾತಿಗೆ ಬೆಲೆ ಕೊಟ್ಟು ಟ್ರೈ ಕೂಡ ಕಟ್ಟಿದೆ. 1988ರಲ್ಲಿ ಆಪೆಲ್ ಮತ್ತು ಜೇಕಬ್ಸನ್ ಎಂಬಿಬ್ಬರು ಅದೇ ಜಾತಿಯ, ಆದರೆ ಒಂದೇ ಥರದ ಪದಬಾಲಗಳನ್ನು ಒಂದಾಗಿಸುವ ಡಾವ್ಗ್ ಬಳಸಿ ಸ್ಕ್ರ್ಯಾಬಲ್ ಪ್ರೋಗ್ರಾಮ್ ಮಾಡಿದ್ದರು. ಬೋರ್ಡಿನ ಮೇಲೆ ಆಡುವಾಗ ಅದು ಸರಿ, ಏಕೆಂದರೆ ಅಲ್ಲಿ ಪದ ಎಡದಿಂದ ಬಲಕ್ಕೆ ಬೆಳೆಯುತ್ತದೆ. ನನ್ನ ಪ್ರಶ್ನೆ ಬೇರೆ. ಕ್ಯೂ, ಜಡ್, ಎಲ್ ಪದದಲ್ಲಿ ಎಲ್ಲಾದರೂ ಇರಲಿ ಅನ್ನೋದು. ಹಾಗೆ ಕೇಳಿದಾಗ ಮೊದಲ ಅಕ್ಷರ ಯಾವುದೂ ಆಗಬಹುದು, ಎರಡನೆಯದೂ ಅಷ್ಟೇ. ಟ್ರೈ ಹೆಚ್ಚುಕಮ್ಮಿ ಎಲ್ಲ ಕೊಂಬೆಯನ್ನೂ ಹತ್ತಿ ಇಳಿಯಬೇಕು. ಮೇಲಾಗಿ ಮರದಲ್ಲಿ ನಾಲ್ಕು ಲಕ್ಷದಷ್ಟು ಗಂಟುಗಳು, ಅಂದರೆ ನೋಡ್‌ಗಳು. ಹಳೆಯ ಫೋನಿನಲ್ಲಿ ಬ್ರೌಸರ್ ಟ್ಯಾಬ್ ಸತ್ತೇ ಹೋಯಿತು.

ಅದಾದ ಮೇಲೆ ಅವಿಭಾಜ್ಯ ಸಂಖ್ಯೆಗಳು. ಎ ಅಂದರೆ 2, ಬಿ ಅಂದರೆ 3, ಹೀಗೆ ಜಡ್ ಅಂದರೆ 101. ಪದದ ಅಕ್ಷರಗಳನ್ನೆಲ್ಲ ಗುಣಿಸಿಡಿ. ಕೇಳಿದ ಅಕ್ಷರಗಳ ಗುಣಲಬ್ಧದಿಂದ ನಿಶ್ಶೇಷವಾಗಿ ಭಾಗವಾದರೆ ಆ ಅಕ್ಷರಗಳು ಪದದಲ್ಲಿವೆ. ಒಂದೇ ಅಕ್ಷರ ಎರಡು ಸಲ ಬಂದರೂ ಲೆಕ್ಕ ತಪ್ಪುವುದಿಲ್ಲ. ಬಹಳ ಖುಷಿಯಾಗಿತ್ತು ನನಗೆ. ಆದರೆ ಉದ್ದ ಪದಗಳು ಬಂದಾಗ ಎಲ್ಲದರಲ್ಲೂ 'ಎ' ಇದೆ ಎಂದು ತೋರಿಸತೊಡಗಿತು. ಬ್ರೌಸರಿನ ಭಾಷೆಯಾದ ಜಾವಾಸ್ಕ್ರಿಪ್ಟಿನಲ್ಲಿ ಸಂಖ್ಯೆ ಹದಿನಾರು ಅಂಕಿಯ ಆಚೆ ಹೋದರೆ ಬೆಸ ಸಂಖ್ಯೆಗಳು ಉಳಿಯುವುದೇ ಇಲ್ಲ, ಎಲ್ಲ ಸಮವಾಗುತ್ತವೆ. ಎರಡರಿಂದ ಭಾಗಿಸಿದರೆ ಶೇಷ ಸೊನ್ನೆ ತಾನೇ? ಎಷ್ಟು ದೊಡ್ಡ ಸಂಖ್ಯೆಯನ್ನೂ ನಿಖರವಾಗಿ ಹಿಡಿಯುವ ಬಿಗ್‌ಇಂಟ್ ಹಾಕಿದರೆ ಉತ್ತರ ಸರಿ, ಆದರೆ ನಿಧಾನ. ಬಿಟ್ಟೆ.

ದಾರಿ ತೋರಿಸಿದ್ದು 2022ರ ಒಂದು ಒಗಟು. ಒಂದು ಅಕ್ಷರವೂ ಮರುಕಳಿಸದ ಹಾಗೆ ಐದು ಅಕ್ಷರದ ಐದು ಪದ ಹುಡುಕಬೇಕು. ಗಣಿತದ ವಿಡಿಯೊ ಮಾಡುವ ಮ್ಯಾಟ್ ಪಾರ್ಕರ್ ಅವರ ಪ್ರೋಗ್ರಾಮ್ ಅದಕ್ಕೆ ಸುಮಾರು ಒಂದು ತಿಂಗಳು ಓಡಿತ್ತು. ಫ್ಯೋರ್ಡ್ (fjord), ಗಕ್ಸ್ (gucks), ನಿಂಫ್ (nymph), ವೈಬೆಕ್ಸ್ (vibex), ವಾಲ್ಟ್ಜ್ (waltz) ಸಿಕ್ಕವು. ಬೇರೆಯವರು ಅದನ್ನು ಮಿಲಿಸೆಕೆಂಡಿಗೆ ಇಳಿಸಿದರು, ಮುಖ್ಯವಾಗಿ ಬಿಟ್ ಮಾಸ್ಕ್ ಹಿಡಿದು. 26 ಅಕ್ಷರ, 26 ಬಿಟ್. ಅಕ್ಷರ ಪದದಲ್ಲಿದ್ದರೆ ಅದರ ಬಿಟ್ 1, ಇಲ್ಲದಿದ್ದರೆ 0. ಹೀಗೆ ಪದ ಒಂದು ಸಂಖ್ಯೆಯಾಗುತ್ತದೆ, ಅದೇ ಮಾಸ್ಕ್.

ಅದನ್ನೇ ನಾನೂ ಹಿಡಿದೆ. ಪದದ ಮಾಸ್ಕಿಗೂ ಕೇಳಿದ ಮಾಸ್ಕಿಗೂ ಆ್ಯಂಡ್ ಮಾಡಿ, ಅಂದರೆ ಎರಡರಲ್ಲೂ 1 ಇರುವ ಬಿಟ್ಟುಗಳನ್ನಷ್ಟೇ ಉಳಿಸಿ. ಕೇಳಿದ್ದೇ ವಾಪಸ್ ಬಂದರೆ ಪದ ಸಿಕ್ಕಿತು. ತಿರುಗಿಸಿ, ಪದದ್ದೇ ವಾಪಸ್ ಬಂತೇ ಎಂದು ಕೇಳಿದರೆ ಕೊಟ್ಟ ಏಳು ಅಕ್ಷರಗಳಿಂದಷ್ಟೇ ಪದ ಕಟ್ಟುವ ಸ್ಪೆಲಿಂಗ್ ಬೀ ಆಟಕ್ಕೂ ಅದೇ ಸಾಲು ಬಳಸಬಹುದು. ಇಡೀ ಪಟ್ಟಿಯ ಮಾಸ್ಕುಗಳಿಗೆ 700 ಕೆಬಿಯಷ್ಟೇ ಜಾಗ.

ಮೊದಲ ದಿನವೇ ಪೆಟ್ಟು ಬಿತ್ತು. ಈ ಸಲ ಪ್ರತಿ ಪದದಲ್ಲೂ 'ಎಂ' ಇದೆ ಎಂದು ಬಂತು. ಕ್ಯಾಟ್‌ನಲ್ಲೂ ಎಂ, ಡಾಗ್‌ನಲ್ಲೂ ಎಂ. ಎರಡು ರಾತ್ರಿ ಕೂತೆ. ಪದಗಳ ಫೈಲ್ ವಿಂಡೋಸ್‌ನಲ್ಲಿ ಸೇವ್ ಆಗಿತ್ತು. ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್, ಅದರ ಕೋಡ್ 13. ಯಾವ ಅಕ್ಷರಕ್ಕೆ ಯಾವ ಬಿಟ್ ಎಂದು ತಿಳಿಯಲು ಅದರ ಕೋಡಿನಿಂದ ಸಣ್ಣ 'ಎ'ಯ ಕೋಡ್ 97 ಕಳೆಯುತ್ತೇನೆ. 13ರಿಂದ ಕಳೆದರೆ ಮೈನಸ್ 84. ಬಿಟ್ಟನ್ನು ಎಷ್ಟು ಸ್ಥಾನ ಸರಿಸಬೇಕು ಎಂಬ ಈ ಸಂಖ್ಯೆಯನ್ನು ಜಾವಾಸ್ಕ್ರಿಪ್ಟ್ 32ರೊಳಗೆ ಸುತ್ತಿಸುತ್ತದೆ, 12 ಬರುತ್ತದೆ. ಸೊನ್ನೆಯಿಂದ ಎಣಿಸಿದರೆ 12 ಅಂದರೆ ಎಂ! ಹೈಫನ್ ಇದ್ದರೂ ಇದೇ ಆಗುತ್ತದೆ, ಅದರ ಕೋಡ್ 45. ಸಾಲಿನ ಕೊನೆಯ ಆ ಗುರುತನ್ನು ಟ್ರಿಮ್ ಮಾಡಿ ತೆಗೆದೆ, ಸರಿಹೋಯಿತು. ಇದೇ ಸುತ್ತುವಿಕೆಯಿಂದ ಒಂದು ಲಾಭವೂ ಇದೆ. ಕ್ಯಾಪಿಟಲ್ ಅಕ್ಷರ ಕೊಟ್ಟರೂ ಉತ್ತರ ಸರಿಯಾಗೇ ಬರುತ್ತದೆ.

ಜೋಡಿ ಅಕ್ಷರಕ್ಕೆ ಎರಡನೇ ಮಾಸ್ಕ್ ಇಟ್ಟೆ. ಎರಡು ಅಥವಾ ಜಾಸ್ತಿ ಸಲ ಬಂದ ಅಕ್ಷರಗಳಿಗೆ ಮಾತ್ರ ಅದರಲ್ಲಿ ಬಿಟ್. ಎರಡನ್ನೂ ಸೇರಿಸಿ 52 ಬಿಟ್ ಮಾಡಲು ಹೋಗಬೇಡಿ, ಜಾವಾಸ್ಕ್ರಿಪ್ಟಿನ ಆ್ಯಂಡ್ 32 ಬಿಟ್ಟಿಗೇ ನಿಲ್ಲುತ್ತದೆ. ಬೇರೆ ಬೇರೆಯಾಗಿ ಇಡಿ. ಪೊಸೆಸಸ್ ಪದದಲ್ಲಿ ಎಸ್ ಐದು ಸಲ ಬರುತ್ತದೆ. ಅಂಥವನ್ನು ಕೊನೆಗೆ ಉಳಿದ ಪದಗಳಲ್ಲಿ ಸುಮ್ನೆ ಎಣಿಸುತ್ತೇನೆ.

ಜನ ಬಳಸುವ ಪದಗಳು ಮೇಲೆ ಬರುವಂತೆ ಜೋಡಿಸುವ ನನ್ನ ಲೆಕ್ಕ ಮತ್ತು ಸ್ಕ್ರ್ಯಾಬಲ್‌ನಲ್ಲಿ ಯಾವ ಅಕ್ಷರವಾಗಿಯಾದರೂ ಆಡಬಹುದಾದ ಖಾಲಿ ಬಿಲ್ಲೆಯ ಉಪಾಯ, ಇವೆರಡನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಅವು ಕುದುರಲು ನನಗೆ ಒಂದು ಮಳೆಗಾಲ ಹಿಡಿಯಿತು.

ಐದೂ ಸ್ವರ ಇರುವ ಪದಗಳನ್ನು ಕೇಳಿ ನೋಡಿ. ಸಿಕ್ವೊಯ, ಎಜುಕೇಶನ್, ಕಾಲಿಫ್ಲವರ್. ನಮ್ಮ ಕಿವಿಗೆ ಕಾಲಿಫ್ಲವರ್‌ನಲ್ಲಿ 'ಯು' ಇರುವುದು ಗೊತ್ತೇ ಆಗಲ್ಲ, ಅಲ್ವಾ?

ಕನ್ನಡ ಪದಬಂಧಕ್ಕೂ ಇದನ್ನು ಹಚ್ಚಿ ನೋಡಿದೆ. ವ್ಯಂಜನ 34, ಬಿಟ್ 32. ಙ, ಞ ಯಾರಿಗೆ ಬೇಕು ಎಂದು ಎರಡನ್ನೂ ಬಿಟ್ಟೆ. ಜ್ಞಾನ, ವಿಜ್ಞಾನ, ಆಜ್ಞೆ ಎಲ್ಲ ಕೆಟ್ಟವು, ಅವುಗಳ ಒತ್ತಿನಲ್ಲಿ ಞ ಕೂತಿದೆಯಲ್ಲ. ಈಗ ಅದನ್ನು ಸ್ವರಗಳ ಮಾಸ್ಕಿಗೆ ಸೇರಿಸಿದ್ದೇನೆ. ಕೆಲಸ ಅರ್ಧಕ್ಕೆ ನಿಂತಿದೆ.

ಪಟ್ಟಿಯ ವಿಷಯ ಒಂದು ಉಳಿಯಿತು. ಸ್ಕ್ರ್ಯಾಬಲ್ ಆಟಗಾರರು ಬಳಸುವ ಕಾಲಿನ್ಸ್ ಪದಪಟ್ಟಿಯಲ್ಲಿ 2.8 ಲಕ್ಷದಷ್ಟು ಪದಗಳಿವೆ, ಆದರೆ ಅದನ್ನು ನಮ್ಮಿಷ್ಟದಂತೆ ಹಂಚುವಂತಿಲ್ಲ. ನಾನು ಹಾಕಿದ್ದು ಎಲ್ಲರಿಗೂ ಮುಕ್ತವಾದ ಎನೇಬಲ್ ಎಂಬ ಪಟ್ಟಿ. ಅದು ಹಳೆಯದು, ಕ್ಯೂ-ಐ, ಜಡ್-ಎ ಎಂಬ ಎರಡಕ್ಷರದ ಪದಗಳು ಅದರಲ್ಲಿಲ್ಲ. ಟ್ರೈ ಕಟ್ಟು ಎಂದಿದ್ದ ಗೆಳೆಯನೇ ಮೊದಲು ಅದನ್ನು ಹಿಡಿದು ತೋರಿಸಿದ. ಅವನೂ ಈಗ ಇದನ್ನೇ ಬಳಸುತ್ತಾನೆ. ಬಿಟ್ಟುಹೋದ ಪದ ಸಿಕ್ಕಾಗೆಲ್ಲ ಕಳಿಸುತ್ತಾನೆ, ನಾನು ಕೈಯಲ್ಲೇ ಸೇರಿಸುತ್ತೇನೆ. ಮುನ್ನೂರು ದಾಟಿರಬೇಕು.