ಯಾವ ಚರ್ಚಿಗೆ ಹೋಗಬೇಕು? ಪಾರ್ಕಿಂಗ್ ನೋಡಿ ತೀರ್ಮಾನ ಮಾಡಬೇಡಿ

ಹಾಸನದಿಂದಲೋ ಹುಬ್ಬಳ್ಳಿಯಿಂದಲೋ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದವರು ಬಾಡಿಗೆ ಮನೆ ಸಿಕ್ಕಿದ ಮೇಲೆ ಕೇಳೋದೇ ಇದನ್ನ. ಉತ್ತರ ಕೊಡೋರಿಗೇನೂ ಬರ ಇಲ್ಲ. ಅಲ್ಲಿ ಮ್ಯೂಸಿಕ್ ಸೂಪರ್, ಎಸಿ ಇದೆ, ಒಂದೂವರೆ ಗಂಟೇಲಿ ಮುಗಿಯುತ್ತೆ, ನಮ್ಮ ಆಫೀಸಿನವರೆಲ್ಲ ಅಲ್ಲಿಗೇ ಹೋಗ್ತಾರೆ. ಮದುವೆ ಹಾಲ್ ಬುಕ್ ಮಾಡುವಾಗಲೂ ಇದನ್ನೇ ವಿಚಾರಿಸ್ತೀವಿ, ಅಲ್ವಾ?

ಮೊದಲು ಪ್ರಸಂಗ, ಅಂದರೆ ಪಾಸ್ಟರ್ ಕೊಡೋ ಬೋಧನೆ, ಕೇಳಿ. ಒಂದು ಭಾನುವಾರ ಸಾಲದು, ಒಂದು ತಿಂಗಳಾದರೂ ಹೋಗಿ, ಬೈಬಲ್ ತೆರೆದಿಟ್ಟುಕೊಂಡೇ ಕೂತುಕೊಳ್ಳಿ. ಓದಿದ ಭಾಗವನ್ನು ಬಿಡಿಸಿ ಹೇಳ್ತಾರಾ, ಇಲ್ಲ ಒಂದು ವಚನ ಓದಿ ಪುಸ್ತಕ ಮುಚ್ಚಿ ಸ್ವಂತ ಕಥೆಗೆ ಇಳಿದುಬಿಡ್ತಾರಾ ಗಮನಿಸಿ. ಆ ತಿಂಗಳಲ್ಲಿ ಪಾಪ, ಪಶ್ಚಾತ್ತಾಪ, ಶಿಲುಬೆ ಅನ್ನೋ ಮಾತು ಎಷ್ಟು ಸಲ ಬಂತು, ವೀಸಾ, ಪ್ರಮೋಷನ್, ಸ್ವಂತ ಮನೆ ಎಷ್ಟು ಸಲ ಬಂತು? ಬೆರೋಯ ಅನ್ನೋ ಊರಿನವರು ಅಪೊಸ್ತಲನಾದ ಪೌಲನಂಥ ಪೌಲ ಹೇಳಿದ್ದನ್ನೂ ಹೌದೋ ಅಲ್ಲವೋ ಅಂತ ದಿನಾ ಶಾಸ್ತ್ರ ತೆಗೆದು ನೋಡುತ್ತಿದ್ದರು. ಬೈಬಲಿನ ಅಪೊಸ್ತಲರ ಕೃತ್ಯಗಳು 17:11ರಲ್ಲಿ ಅವರನ್ನು ಹೊಗಳಿಯೇ ಬರೆದಿದೆ. 'ದೇವರ ದಾಸರನ್ನು ಪ್ರಶ್ನೆ ಮಾಡಬಾರದು' ಅಂತ ಯಾರಾದರೂ ಹೆದರಿಸಿದರೆ ಇದನ್ನು ನೆನಪಿಸಿ, ನಗ್ತಾನೇ ನೆನಪಿಸಿ.

ಇನ್ನೊಂದು ವಿಷಯದಲ್ಲಿ ನಾನು ಸ್ವಲ್ಪ ಕಠಿಣ. ಪ್ರಾರ್ಥನೆ ಮಾಡಿಸಿಕೊಂಡೂ ಕಾಯಿಲೆ ವಾಸಿಯಾಗದವರಿಗೆ ಅಲ್ಲಿ ಏನು ಹೇಳ್ತಾರೆ ಅಂತ ವಿಚಾರಿಸಿ. ಗುಣವಾದವರ ಸಾಕ್ಷಿ ವೇದಿಕೆ ಮೇಲೆ ಕೇಳಿಸುತ್ತೆ, ಆಗದವರದ್ದು ಅವರ ಮನೆಗೆ ಹೋದರಷ್ಟೇ ಗೊತ್ತಾಗೋದು. 'ನಿನ್ನ ನಂಬಿಕೆ ಸಾಲದು' ಅಂತ ಹೇಳಿ ಕಳಿಸಿದ್ದರೆ ಆ ಚರ್ಚಿನಿಂದ ದೂರ ಇರಿ. ಶುಗರ್ ಮಾತ್ರೆ ನಿಲ್ಲಿಸು ಅಂದಿದ್ದರಂತೂ ಆವತ್ತೇ ಹೊರಗೆ ಬನ್ನಿ.

ದುಡ್ಡಿನ ಲೆಕ್ಕ ಕೇಳೋಕೆ ಸಂಕೋಚ ಬೇಡ. ಮಲಾಕಿಯ 3:10 ತೋರಿಸಿ ದಶಮಾಂಶ, ಅಂದರೆ ಆದಾಯದ ಹತ್ತನೇ ಒಂದು ಪಾಲು, ಕೇಳೋದು ಎಲ್ಲರಿಗೂ ಗೊತ್ತು. ಕಾಣಿಕೆಯ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸದಂತೆ ಎಚ್ಚರವಾಗಿದ್ದೇವೆ ಅಂತ ಪೌಲ ಬರೆದದ್ದು (2 ಕೊರಿಂಥ 8:20) ಮಾತ್ರ ಯಾಕೋ ಅಷ್ಟು ಕೇಳಿಸಲ್ಲ. ವರ್ಷದ ಲೆಕ್ಕ ಸಭೆಯ ಮುಂದೆ ಇಡ್ತಾರಾ? ಚೆಕ್ಕಿಗೆ ಸಹಿ ಹಾಕೋರು ಯಾರು? ಪಾಸ್ಟರ್, ಅವರ ಹೆಂಡತಿ, ಮಗ ಇಷ್ಟೇ ಜನ ಟ್ರಸ್ಟಿಗಳಾಗಿದ್ದರೆ ಯೋಚನೆ ಮಾಡಿ. ಲೆಕ್ಕ ಕೇಳಿದ್ದಕ್ಕೆ ಮುಖ ಕೆಂಪಾದರೆ ಜಾಸ್ತಿ ಯೋಚನೆ ಮಾಡೋದೂ ಬೇಡ.

ಆರಾಧನೆ ಮುಗಿದ ಕೂಡಲೇ ಓಡಿ ಬರಬೇಡಿ. ಟೀ ಕುಡಿಯೋ ಹೊತ್ತಲ್ಲಿ ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಕಾರಿನಿಂದ ಇಳಿದವರ ಸುತ್ತ ಗುಂಪು, ಮನೆಗೆಲಸಕ್ಕೆ ಹೋಗೋ ಅಮ್ಮ ಕಾಂಪೌಂಡ್ ಪಕ್ಕ ಒಬ್ಬರೇ ಲೋಟ ಹಿಡಿದು ನಿಂತಿದ್ದಾರೆ, ಅಂದರೆ ಯಾಕೋಬನ ಪತ್ರಿಕೆ ಎರಡನೇ ಅಧ್ಯಾಯದ ಚಿನ್ನದ ಉಂಗುರದವನು, ಬಡವನನ್ನು ಬಿಟ್ಟು ಒಳ್ಳೇ ಜಾಗ ಕೊಟ್ಟು ಕೂರಿಸುವ ಶ್ರೀಮಂತ, ಅಲ್ಲೇ ಇದ್ದಾನೆ ಅಂತ ತಿಳ್ಕೊಳ್ಳಿ. ಜಾತಿಯ ವಿಷಯವೂ ಅಷ್ಟೇ. ಚರ್ಚ್ ಒಳಗೆ ಅದಿಲ್ಲ ಅಂತ ಹೇಳೋದು ಸುಲಭ. ಕಮಿಟಿಯಲ್ಲಿ ಯಾರಿದ್ದಾರೆ, ಮದುವೆ ಸಂಬಂಧ ಯಾರ ಯಾರ ಮಧ್ಯೆ ಬೆಳೆಯುತ್ತೆ ನೋಡಿದರೆ ನಿಜ ಗೊತ್ತಾಗುತ್ತೆ.

'ನಮ್ಮ ತಾತ ಬಾಸೆಲ್ ಮಿಶನ್‌ನವರು, ನಾವು ಸಿಎಸ್‌ಐ ಬಿಟ್ಟು ಬೇರೆ ಕಡೆ ಹೋಗಲ್ಲ' ಅನ್ನೋರಿಗೆ ಒಂದು ಮಾತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಹಲವು ಪ್ರೊಟೆಸ್ಟೆಂಟ್ ಸಭೆಗಳು ಒಂದಾಗಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಹುಟ್ಟಿದ್ದು 1947ರಲ್ಲಿ. ಆ ಹಳೇ ಬೇರು ದೊಡ್ಡದೇ, ಆದರೆ ಬೋರ್ಡ್ ಮೇಲಿನ ಹೆಸರು ಈ ಭಾನುವಾರದ ಪ್ರಸಂಗಕ್ಕೆ ಗ್ಯಾರಂಟಿ ಅಲ್ಲ. ಸಿಎಸ್‌ಐನಲ್ಲಿ ಅಯ್ಯನವರಿಗೆ (ಪಾಸ್ಟರ್‌ಗೆ) ವರ್ಗ ಆಗುತ್ತೆ, ಅದಕ್ಕೆ ಅವರೊಬ್ಬರನ್ನೇ ನೋಡಿ ಸೇರಬೇಡಿ, ಸಭೆಯ ಹಿರಿಯರನ್ನೂ ನೋಡಿ. ಕಮಿಟಿ ಎಲೆಕ್ಷನ್ ಜಗಳ ಕಂಡು ಓಡಿಹೋಗೋದೂ ಬೇಡ, ಪೌಲ ಪತ್ರ ಬರೆದ ಕೊರಿಂಥದ ಸಭೆಯವರು ಇದಕ್ಕಿಂತ ಜೋರಾಗಿ ಜಗಳ ಆಡಿದವರು. ಜಗಳ ಆದ ಮೇಲೆ ಕ್ಷಮೆ ಕೇಳಿದವರು ಯಾರಾದರೂ ಇದ್ದಾರಾ ಅನ್ನೋದು ನೋಡಿ.

ಹಾಗಂತ ಅನುಕೂಲ ನೋಡಲೇಬಾರದು ಅಂತಲ್ಲ. ವಯಸ್ಸಾದ ಅಮ್ಮನಿಗೆ ಕನ್ನಡ ಆರಾಧನೆ ಬೇಕು ಅಂದರೆ ಅದು ಸರಿಯಾದ ಕಾರಣವೇ. ಬೆಂಗಳೂರಲ್ಲಿ ಹಡ್ಸನ್ ಚರ್ಚ್‌ನಂಥ ಹಳೇ ಕನ್ನಡ ಸಭೆಗಳು ಈಗಲೂ ಇವೆ. ದೂರವೂ ಲೆಕ್ಕಕ್ಕೆ ಬರುತ್ತೆ. ವಾರದ ಮಧ್ಯದ ಪ್ರಾರ್ಥನಾ ಕೂಟಕ್ಕೆ ಒಂದು ಸಲವೂ ಹೋಗೋಕೆ ಆಗದಷ್ಟು ದೂರ ಇದ್ದರೆ, ಆಸ್ಪತ್ರೆಗೆ ಸೇರಿದಾಗ ನಿಮ್ಮನ್ನು ನೋಡೋಕೆ ಬರೋರಿಗೂ ಅಷ್ಟೇ ದೂರ.

ತೀರ್ಮಾನ ಆದ ಮೇಲೆ ಹಿಂದಿನ ಸಭೆಯಿಂದ ಸದಸ್ಯತ್ವದ ಪತ್ರ ತಗೊಂಡು ಬಂದು ಹೆಸರು ಬರೆಸಿ. ಹಿಂದಿನ ಸಭೆಯ ಅಯ್ಯನವರಿಗೆ ಬೇರೆಯವರ ಬಾಯಿಂದ ಗೊತ್ತಾಗೋ ಮುಂಚೆ ನೀವೇ ಹೇಳಿ. ಚಂದಾ ಬಾಕಿ ಇದ್ದರೆ ಅದನ್ನೂ ತೀರಿಸಿಬಿಡಿ.