ಶಿಕ್ರಾನೋ ಬೆಸ್ರಾನೋ: ನಾನು ಮೊದಲು ನೋಡುವುದು ಗಂಟಲು

ಶಿರಸಿ ಕಡೆಯ ನಮ್ಮ ಹಿತ್ತಲಿಗೆ ಬರುವ ಸಣ್ಣ ಗಿಡುಗಗಳಲ್ಲಿ ಶಿಕ್ರಾವೇ ಜಾಸ್ತಿ. ಬೆಸ್ರಾ ಕಾಡಿನ ಹಕ್ಕಿ, ಅಪರೂಪ. ಆದರೆ ನಮ್ಮೂರ ಮನೆಗಳ ಮುಂದೆ ಅಡಿಕೆ ತೋಟ, ಹಿಂದೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಒಂದೇ ಹಲಸಿನ ಮರಕ್ಕೆ ಎರಡೂ ಬರಬಹುದು.

ಗಾತ್ರ ನೋಡಿ ಹೆಸರು ಹೇಳಲು ನಾನು ಹೋಗುವುದಿಲ್ಲ. ಗಿಡುಗಗಳಲ್ಲಿ ಗಂಡಿಗಿಂತ ಹೆಣ್ಣು ದೊಡ್ಡದು. ಹೆಣ್ಣು ಶಿಕ್ರಾ, ಗಂಡು ಬೆಸ್ರಾ ಎರಡೂ ಹೆಚ್ಚುಕಡಿಮೆ 30 ಸೆಂ.ಮೀ. ಉದ್ದ. ಹಾಗಾಗಿ ಬೈನಾಕ್ಯುಲರ್ ನೇರ ಗಂಟಲಿಗೆ ಹಿಡಿಯುತ್ತೇನೆ. ಬಿಳಿ ಗಂಟಲಿನ ನಡುವೆ ಉದ್ದಕ್ಕೆ ಒಂದು ಗೆರೆ ಇರುತ್ತದೆ. ಬೆಳೆದ ಶಿಕ್ರಾದಲ್ಲಿ ಅದು ಪೆನ್ಸಿಲ್ ಗೆರೆ ಅಳಿಸಿದ ಹಾಗೆ ಮಸುಕು. ಬೆಸ್ರಾದಲ್ಲಿ ಕಪ್ಪಗೆ, ದಪ್ಪಗೆ ಎದ್ದು ಕಾಣುತ್ತದೆ. ಶಿಕ್ರಾದ ಬೆನ್ನು ತಿಳಿ ಬೂದು, ಎದೆಯಲ್ಲಿ ಒತ್ತೊತ್ತಾಗಿ ಸಣ್ಣ ಅಡ್ಡಗೆರೆ, ಗಂಡಿಗೆ ಕೆಂಪು ಕಣ್ಣು. ಬೆಸ್ರಾದ ಬೆನ್ನು ಗಾಢ, ಎದೆಯ ಮೇಲ್ಭಾಗದಲ್ಲಿ ಉದ್ದುದ್ದ ಗೀರು.

ನಿಜವಾದ ತಲೆನೋವು ಮರಿಗಳದ್ದು. ಬೇಸಿಗೆಯಲ್ಲಿ ಗೂಡು ಬಿಟ್ಟ ಶಿಕ್ರಾ ಮರಿಗಳು ಮಳೆಗಾಲದಲ್ಲಿ ತೋಟದ ಅಂಚಿಗೆ ಬಂದು ಕೂರುತ್ತವೆ. ಬೆನ್ನು ಕಂದು, ಎದೆ ತುಂಬ ಕಂದು ಹನಿಗಳು, ಗಂಟಲ ಗೆರೆಯೂ ದೊಡ್ಡವಕ್ಕಿಂತ ಸ್ಪಷ್ಟ. ಥೇಟ್ ಬೆಸ್ರಾ ಅನ್ನಿಸಿಬಿಡುತ್ತದೆ. ಆಗ ಬಾಲ ನೋಡಬೇಕು. ಮಳೆ ಬಿಟ್ಟಾಗ ಹಕ್ಕಿ ರೆಕ್ಕೆ ಕೊಡವಿ ಬಾಲ ಬಿಚ್ಚುತ್ತದೆ, ಆ ಒಂದೆರಡು ಕ್ಷಣಕ್ಕೆ ನಾನು ಕಾಯುತ್ತೇನೆ. ಕಪ್ಪು ಪಟ್ಟಿ ಸಣ್ಣದಾಗಿ, ನಡುವಿನ ತಿಳಿ ಜಾಗ ಅಗಲವಾಗಿದ್ದರೆ ಶಿಕ್ರಾ. ಎರಡೂ ಸಮ ಅಗಲವಿದ್ದರೆ ಬೆಸ್ರಾ. ಕಾಲೂ ಕಂಡರೆ ಇನ್ನೂ ಒಳ್ಳೆಯದು. ಬೆಸ್ರಾದ ಕಾಲು ಕಡ್ಡಿಯಂತೆ ಸಪೂರ, ನಡುಬೆರಳು ಎದ್ದು ಕಾಣುವಷ್ಟು ಉದ್ದ.

ನೆತ್ತಿಯ ಹಿಂದೆ ಸಣ್ಣ ಜುಟ್ಟು, ದಪ್ಪ ಕಾಲು, ಬಾಲದ ಬುಡದಲ್ಲಿ ಬಿಳಿ ಪುಕ್ಕದ ರಾಶಿ ಇದ್ದರೆ ಅದು ಜುಟ್ಟು ಗಿಡುಗ. ಮೈಯೂ ದೊಡ್ಡದು, ಗೊಂದಲ ಕಡಿಮೆ.

ಕೊಕ್ಕನ್ನೂ ಒಮ್ಮೆ ನೋಡಿಬಿಡಿ. ಗಿಡುಗನ ವೇಷದ ಕೋಗಿಲೆಯೊಂದಿದೆ, ಬೇಸಿಗೆಯಲ್ಲಿ ‘ಬ್ರೇನ್ ಫೀವರ್’ ಎಂದು ಸ್ವರ ಏರಿಸುತ್ತಾ ಕೂಗುತ್ತದಲ್ವಾ, ಅದೇ. ಹಾರಾಟವೂ ಶಿಕ್ರಾದಂತೆಯೇ. ಆದರೆ ಕೊಕ್ಕಿನ ತುದಿಯಲ್ಲಿ ಗಿಡುಗನ ಕೊಕ್ಕೆ ಇಲ್ಲ, ಕಾಲಲ್ಲಿ ಬೇಟೆಯ ಉಗುರೂ ಇಲ್ಲ.

ಕೂಗು ಕೇಳಿದ ಮಾತ್ರಕ್ಕೆ ನಾನು ಪುಸ್ತಕದಲ್ಲಿ ಹೆಸರು ಬರೆಯುವುದಿಲ್ಲ. ನಮ್ಮ ಬೆಟ್ಟದ ಭೀಮರಾಜ ಹಕ್ಕಿ ಶಿಕ್ರಾ ಕೂಗನ್ನು ಹಾಗೇ ಅನುಕರಿಸುತ್ತದೆ.