ಒಂದೇ ತೊರೆ, ಹತ್ತಾರು ಗಾಳ: ಟ್ರೌಟ್ ಹಿಡಿಯುವಾಗ ನೀರು ಹಂಚಿಕೊಳ್ಳುವುದು ಹೇಗೆ?

ಏಪ್ರಿಲ್ ತಿಂಗಳ ಮೊದಲ ಶನಿವಾರ, ಬೆಳಿಗ್ಗೆ 8 ಗಂಟೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಟ್ರೌಟ್ ಮೀನಿನ ಋತು ಶುರುವಾಗುವುದು ಆಗ. ರಸ್ತೆಗೆ ಹತ್ತಿರದ ತೊರೆಗಳ ದಡದಲ್ಲಿ ಜನ ಹೆಗಲಿಗೆ ಹೆಗಲು ತಾಗುವಂತೆ ನಿಂತಿರುತ್ತಾರೆ. ತೊರೆ ಎಂದರೆ ಕಾವೇರಿಯ ಅಗಲ ನೆನೆಯಬೇಡಿ. ಎಷ್ಟೋ ಕಡೆ ಆಚೆ ದಡ ಹತ್ತು ಮಾರು ದೂರವೂ ಇರುವುದಿಲ್ಲ. ಊರಿನ ಕೆರೆಯಲ್ಲಿ ಗಾಳ ಹಾಕಿ ಬೆಳೆದು, ಕೆಲಸಕ್ಕೆಂದು ಆ ಕಡೆ ಹೋದವರು ಇಲ್ಲಿ ಮೊದಲು ಎಡವುವುದು ನಡವಳಿಕೆಯಲ್ಲಿ. ಕೆರೆಯಲ್ಲಿ ಪಕ್ಕದವರಿಂದ ಹತ್ತು ಹೆಜ್ಜೆ ಆಚೆ ಕೂತರೆ ಯಾರಿಗೂ ತೊಂದರೆಯಿಲ್ಲ. ಹರಿಯುವ ನೀರಿನ ಲೆಕ್ಕ ಬೇರೆ.

ಟ್ರೌಟ್ ಸೆಳವಿಗೆ ಎದುರು ಮುಖ ಮಾಡಿ ಒಂದೇ ಕಡೆ ನಿಂತು, ತೇಲಿ ಬರುವ ಹುಳಹುಪ್ಪಟೆ ತಿನ್ನುವ ಮೀನು. ಎದುರಿನಿಂದ, ಅಕ್ಕಪಕ್ಕದಿಂದ ಬರುವವರು ಅದಕ್ಕೆ ಬೇಗ ಕಾಣುತ್ತಾರೆ. ನೇರ ಬೆನ್ನ ಹಿಂದೆ, ಅಂದರೆ ತೊರೆಯ ಕೆಳಗಿನಿಂದ ಬರುವವರು ಕಾಣುವುದಿಲ್ಲ. ಕಲ್ಲುಗಳ ಮೇಲೆ ಬೂಟು ಉಜ್ಜಿದ ಅದುರು ಅದರ ಮೈಗೆ ತಿಳಿಯುತ್ತದೆ. ಮೇಲೆ ಯಾರೋ ಕೆದಕಿದ ಕೆಸರು ನೇರ ಮೂತಿಗೇ ಬರುತ್ತದೆ. ಬೆದರಿದ ಮೀನು ಮತ್ತೆ ಮೇವಿಗೆ ಬರಲು ಅರ್ಧ ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಹಾಗಾಗಿ ಗಾಳ ಹಾಕುವವರ ಜಾಗವೆಂದರೆ ಅವರು ನಿಂತ ಜಾಗವಲ್ಲ, ಮುಂದೆ ಹೋಗಲಿರುವ ನೀರು. ಇದು ತಲೆಗೆ ಹತ್ತಿದರೆ ಉಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

1. ದಡ ಯಾರದ್ದು ಎಂದು ಮೊದಲೇ ತಿಳಿಯಿರಿ

ಪೆನ್ಸಿಲ್ವೇನಿಯಾದಲ್ಲಿ 16 ವರ್ಷ ತುಂಬಿದವರಿಗೆ ಮೀನು ಹಿಡಿಯುವ ಲೈಸೆನ್ಸ್ ಬೇಕು, ಟ್ರೌಟ್‌ಗೆ ಅದರ ಮೇಲೆ ಇನ್ನೊಂದು ಪರವಾನಗಿ. ದಡದ ಹಕ್ಕು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಮೊಂಟಾನಾದಲ್ಲಿ 1985ರ ಕಾನೂನಿನ ಪ್ರಕಾರ, ಸಾರ್ವಜನಿಕ ಜಾಗದಿಂದ ಹೊಳೆಗೆ ಇಳಿದವರು ನೀರು ಸಾಮಾನ್ಯವಾಗಿ ಏರುವ ಗೆರೆಯೊಳಗೆ ಓಡಾಡಬಹುದು. ಪಕ್ಕದ ವಯೋಮಿಂಗ್‌ನಲ್ಲಿ ಖಾಸಗಿ ಜಮೀನಿನ ನಡುವೆ ಹರಿಯುವ ಹೊಳೆಯ ತಳವೂ ಜಮೀನುದಾರರದ್ದೇ. ದೋಣಿಯಲ್ಲಿ ತೇಲಿ ಹೋಗಬಹುದು, ಲಂಗರು ಇಳಿಸುವಂತಿಲ್ಲ, ಕಾಲೂರುವಂತಿಲ್ಲ. ಗೇಟು ಹೇಗಿತ್ತೋ ಹಾಗೇ ಬಿಡಿ. ಕಸ ಬಿಟ್ಟವರು, ಗದ್ದೆಯ ದಾರಿಗೆ ಕಾರು ಅಡ್ಡ ನಿಲ್ಲಿಸಿದವರು ಹೆಚ್ಚಾದರೆ ಆ ದಡಕ್ಕೆ ಬೇಲಿ ಬೀಳುತ್ತದೆ, ಎಲ್ಲರಿಗೂ.

2. ಐದು ನಿಮಿಷ ಸುಮ್ಮನೆ ನೋಡಿ

ನೀರಿನಿಂದ ದೂರ, ದಡದ ಮೇಲೆಯೇ ನಿಲ್ಲಿ. ಎಷ್ಟು ಜನ ಎನ್ನುವುದಕ್ಕಿಂತ ಯಾರು ಯಾವ ದಿಕ್ಕಿಗೆ ಸಾಗುತ್ತಿದ್ದಾರೆ ಎನ್ನುವುದನ್ನು ಗಮನಿಸಿ. ನೀರಿನ ಮೇಲೆ ತೇಲುವ ಫ್ಲೈ, ಅಂದರೆ ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ನಕಲಿ ಹುಳ, ಹಾಕುವವರು ಸಾಮಾನ್ಯವಾಗಿ ಮೇಲ್ಮುಖವಾಗಿ ಹೋಗುತ್ತಾರೆ, ಮೀನಿನ ಬೆನ್ನ ಹಿಂದಿನಿಂದ. ಅಂಥವರ ಮೇಲ್ಭಾಗದಲ್ಲಿ ಇಳಿಯುವುದೆಂದರೆ ಉಣ್ಣಲು ಕೂತವರ ಎಲೆಗೆ ಕೈ ಹಾಕಿದಂತೆ. ಅವರ ಕೆಳಗೆ, ಅವರು ಆಗಲೇ ದಾಟಿ ಬಂದ ನೀರಿಗೆ ಹೋಗಿ. ಮುಳುಗುವ ಫ್ಲೈಯನ್ನು ಸೆಳವಿಗೆ ಅಡ್ಡ ಬಿಟ್ಟು ಕೆಳಕ್ಕೆ ಸಾಗುವವರಿಗೆ ಇದೇ ತಿರುಗುಮುರುಗು. ಇಬ್ಬರು ಎದುರುಬದುರಾದರೆ ಮೇಲಕ್ಕೆ ಬರುವವರಿಗೆ ಮೊದಲ ಹಕ್ಕು. ಕೆಳಕ್ಕೆ ಬರುವವರು ದಡ ಹತ್ತಿ, ದೂರದಿಂದ ಬಳಸಿ, ಮುಂದೆ ಇಳಿಯಬೇಕು.

ಬಂಡೆಯ ಮೇಲೆ ಸುಮ್ಮನೆ ಕೂತವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹೊಸಬರು ಹೆಚ್ಚು ಬೈಸಿಕೊಳ್ಳುವುದು ಇಲ್ಲೇ. ಬೆದರಿದ ಮೀನು ಸಮಾಧಾನವಾಗಲಿ ಎಂದು ಮಡುವಿಗೆ ವಿಶ್ರಾಂತಿ ಕೊಟ್ಟು ಅವರು ಕಾಯುತ್ತಿರಬಹುದು. ಆ ಮಡು ಖಾಲಿಯಲ್ಲ.

3. ಕೇಳುವ ರೀತಿ

‘ಇಲ್ಲಿ ಜಾಗ ಇದೆಯಾ?’ ಎಂದು ಕೇಳಿದರೆ ದಾಕ್ಷಿಣ್ಯಕ್ಕೆ ‘ಇದೆ’ ಎನ್ನುವವರೇ ಹೆಚ್ಚು, ಆಮೇಲೆ ಒಳಗೊಳಗೇ ಕುದಿಯುವುದು. ಅದರ ಬದಲು, ‘ಮೇಲಕ್ಕೆ ಹೋಗ್ತಿದ್ದೀರಾ, ಕೆಳಕ್ಕಾ? ಎಲ್ಲಿ ಇಳಿದರೆ ನಿಮಗೆ ಅಡ್ಡಿಯಾಗಲ್ಲ?’ ಎನ್ನಿ. ಖಚಿತ ಉತ್ತರ ಬರುತ್ತದೆ. ಮಾತಾಡಿಸುವ ಮುನ್ನ ಎಚ್ಚರ: 9 ಅಡಿಯ ಕೋಲಿನಿಂದ 10–12 ಮೀಟರ್ ದಾರ ಮುಂದೆ ಹಾರಬೇಕಾದರೆ ಹೆಚ್ಚುಕಡಿಮೆ ಅಷ್ಟೇ ದಾರ ಹಿಂದಕ್ಕೂ ಹಾರುತ್ತದೆ, ತುದಿಯಲ್ಲಿ ಕೊಕ್ಕೆ ಸಮೇತ. 15 ಮೀಟರ್ ಆಚೆಯೇ ನಿಂತು ದನಿ ಮಾಡಿ. ಕಣ್ಣಿಗೆ ಕನ್ನಡಕ, ತಲೆಗೆ ಟೋಪಿ ಇರಲಿ.

ಎಷ್ಟು ದೂರ ಬಿಡಬೇಕು? ಇದಕ್ಕೆ ಅಳತೆಗೋಲು ಇಲ್ಲ. ಜನ ಕಡಿಮೆ ಇರುವ ಸಣ್ಣ ತೊರೆಯಲ್ಲಿ ಒಂದೆರಡು ತಿರುವು, ಅಂದರೆ ಒಬ್ಬರಿಗೊಬ್ಬರು ಕಾಣದಷ್ಟು. ದೊಡ್ಡ ಹೊಳೆಯಲ್ಲಿ 50 ಮೀಟರ್. ಗಿಜಿಗುಡುವ ದಿನ ಇಬ್ಬರ ದಾರವೂ ಒಟ್ಟಿಗೆ ಬೀಸಿದರೆ ತಾಗದಷ್ಟು, 25–30 ಮೀಟರ್. ಅದೂ ಇಲ್ಲವಾದರೆ ಬೇರೆ ಜಾಗ ಹುಡುಕುವುದೇ ಸರಿ, ಋತುವಿನ ಮೊದಲ ದಿನವೊಂದನ್ನು ಬಿಟ್ಟು.

4. ಮೊದಲ ದಿನದ ಸಾಲು

ಆ ದಿನದ ನಿಯಮಗಳೇ ಬೇರೆ. ಸಾಕಿ ಬಿಟ್ಟ ಮೀನು, ಹೆಚ್ಚಿನವರ ಕೈಯಲ್ಲಿ ರೀಲಿನ ಕೋಲು, ತುದಿಯಲ್ಲಿ ಎರೆಹುಳು. ಇಲ್ಲಿ ಒರಟುತನಕ್ಕಿಂತ ಹೆಚ್ಚು ಜಗಳ ತರುವುದು ದಾರಗಳ ಸಿಕ್ಕು.

ನಿಮ್ಮ ಎದುರಿಗೆ, ಹೆಚ್ಚೆಂದರೆ ಸ್ವಲ್ಪ ಮೇಲಕ್ಕೆ ಎಸೆಯಿರಿ. ಗಾಳ ತೇಲಿ ಕೆಳಗಿನವರ ಎದುರಿಗೆ ಮುಟ್ಟುವ ಮುನ್ನ ಎತ್ತಿ. ಪಕ್ಕದವರ ದಾರ ನೀರಿಗೆ ಬಿದ್ದ ಕೂಡಲೇ ನಿಮ್ಮದೂ ಬೀಳಲಿ. ಎಲ್ಲರ ದಾರ ಒಂದೇ ಲಯದಲ್ಲಿ ತೇಲಿದರೆ ಸಾಲು ಕೆಡುವುದಿಲ್ಲ. ಸೀಸದ ಗುಂಡಿನ ತೂಕ ಅಕ್ಕಪಕ್ಕದವರಷ್ಟೇ ಇರಬೇಕು. ಭಾರ ಹೆಚ್ಚಾದರೆ ನಿಮ್ಮ ಗಾಳ ತಳದಲ್ಲಿ ತಡೆದು ನಿಂತು, ಮೇಲಿನವರ ದಾರ ಬಂದು ಅದರ ಮೇಲೆ ಕೂರುತ್ತದೆ. ಕಡಿಮೆಯಾದರೆ ನಿಮ್ಮದು ಓಡಿ ಕೆಳಗಿನವರದ್ದನ್ನು ಹಿಡಿಯುತ್ತದೆ. ಸಿಕ್ಕಾದರೆ ಇಬ್ಬರೂ ಎಳೆಯಬೇಡಿ, ಗಂಟು ಬಿಗಿಯುತ್ತದೆ. ಒಬ್ಬರು ಸಡಿಲ ಬಿಡಲಿ, ಇನ್ನೊಬ್ಬರು ಎತ್ತಲಿ. ಅರ್ಧ ನಿಮಿಷದಲ್ಲಿ ಬಿಡದಿದ್ದರೆ ನಿಮ್ಮ ದಾರವನ್ನೇ ಕತ್ತರಿಸಿ. ಎರಡು ಅಡಿ ದಾರಕ್ಕೆ ಎಷ್ಟು ಮಹಾ ಬೆಲೆ!

ಮೀನು ಕಚ್ಚಿದರೆ ‘ಫಿಶ್ ಆನ್’ ಎಂದು ಕೂಗಿ. ಕೇಳಿದ ಅಕ್ಕಪಕ್ಕದವರು ದಾರ ಸುತ್ತಿಕೊಳ್ಳಬೇಕು. ಮೀನಿನ ಹಿಂದೆ ನೀವು ಕೆಳಕ್ಕೆ ಹೋಗಬೇಕಾದರೆ ಉಳಿದವರ ಬೆನ್ನ ಹಿಂದೆ ಹೋಗಿ. ವಾಪಸು ಬರುವ ತನಕ ಆ ಜಾಗ ನಿಮ್ಮದೇ. ತೀರ ತೆಳು ದಾರ ಹಾಕಿ ಹತ್ತು ನಿಮಿಷ ಮೀನನ್ನು ಆಡಿಸುವುದು ಶೂರತನವಲ್ಲ, ಅಷ್ಟೂ ಹೊತ್ತು ಆರು ಜನ ಕೋಲು ಎತ್ತಿ ನಿಂತಿರುತ್ತಾರೆ. ದಿನದ ಮಿತಿ 5 ಮೀನು ಸಿಕ್ಕಿತೋ, ಜಾಗ ಬಿಡಿ.

ಸಮುದ್ರಕ್ಕೆ ಹೋಗಿ ಮರಳುವ ರೇನ್‌ಬೋ ಟ್ರೌಟ್, ಅಂದರೆ ಸ್ಟೀಲ್‌ಹೆಡ್, ಬರುವ ವಾಷಿಂಗ್ಟನ್, ಆರೆಗಾನ್ ಹೊಳೆಗಳಲ್ಲಿ ಸರದಿ ಪದ್ಧತಿಯಿದೆ. ಹೊಸದಾಗಿ ಬಂದವರು ಸಾಲಿನ ಮೇಲ್ತುದಿಯಲ್ಲಿ ಸೇರುತ್ತಾರೆ, ಒಮ್ಮೆ ಬೀಸಿ ಒಂದೆರಡು ಹೆಜ್ಜೆ ಕೆಳಕ್ಕೆ ಸರಿಯುತ್ತಾರೆ, ಕೊನೆ ಮುಟ್ಟಿದವರು ದಡ ಹತ್ತಿ ಮತ್ತೆ ಮೇಲಕ್ಕೆ. ಮಧ್ಯದಲ್ಲಿ ಬೇರು ಬಿಟ್ಟು ನಿಂತವರಿಂದ ಇಡೀ ಸಾಲು ನಿಲ್ಲುತ್ತದೆ.

5. ದೋಣಿಯಲ್ಲಿದ್ದರೆ

ಮೊಂಟಾನಾದ ಮ್ಯಾಡಿಸನ್‌ನಂಥ ಹೊಳೆಗಳಲ್ಲಿ ನೀರಿನಲ್ಲಿ ನಿಂತವರೂ ದೋಣಿಯವರೂ ಒಟ್ಟಿಗಿರುತ್ತಾರೆ. ನಿಂತವರು ಗಾಳ ಹಾಕುವ ಕಡೆ ದೋಣಿ ಬರಬಾರದು. ಆಳವಿದ್ದರೆ ಅವರ ಬೆನ್ನ ಹಿಂದೆ ಸಾಗಿ, ಇಲ್ಲದಿದ್ದರೆ ಕೂಗಿ ಕೇಳಿ. ದಾಟುವಾಗ ಕೋಲು ಎತ್ತಿಡಿ, ಹುಟ್ಟು ಹಾಕುವುದು ಕಡಿಮೆ ಮಾಡಿ. ಕೋಲು ಜೋಡಿಸುವುದು, ಬುತ್ತಿ ತುಂಬುವುದು ಎಲ್ಲ ಪಾರ್ಕಿಂಗ್ ಜಾಗದಲ್ಲೇ ಮುಗಿಸಿ. ದೋಣಿ ಇಳಿಸುವ ಇಳಿಜಾರಿನಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದು ಅಲ್ಲಿನವರು ಸುಲಭಕ್ಕೆ ಕ್ಷಮಿಸುವ ತಪ್ಪಲ್ಲ.

6. ನಿಮ್ಮ ನಂತರ ಬರುವವರಿಗಾಗಿ

ಶರತ್ಕಾಲದಲ್ಲಿ ಬ್ರೌನ್ ಮತ್ತು ಬ್ರೂಕ್ ಟ್ರೌಟ್, ವಸಂತದಲ್ಲಿ ರೇನ್‌ಬೋ ಜಲ್ಲಿಯಲ್ಲಿ ಮೊಟ್ಟೆಯಿಡುತ್ತವೆ. ಸುತ್ತಲಿನ ಪಾಚಿಗಟ್ಟಿದ ತಳದ ನಡುವೆ ಉಜ್ಜಿ ತೊಳೆದಂತೆ ಬಿಳಿಚಿಕೊಂಡ ಮೊಟ್ಟೆಯಾಕಾರದ ಜಾಗ ಕಂಡರೆ ಕಾಲಿಡಬೇಡಿ. ಅದರ ಕೆಳಮಗ್ಗುಲಿನ ದಿಬ್ಬದಲ್ಲೇ ಮೊಟ್ಟೆಗಳಿರುತ್ತವೆ.

ಥರ್ಮಾಮೀಟರ್ ಜೇಬಲ್ಲಿರಲಿ. ನೀರು 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಗಾಳ ಸುತ್ತಿಡಿ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಬಿಟ್ಟ ಮೀನೂ ಆಮೇಲೆ ಸಾಯಬಹುದು. ಬಿಡುವುದಾದರೆ ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಮೊದಲೇ ಒತ್ತಿಬಿಡಿ, ಕೈ ಒದ್ದೆ ಮಾಡಿಕೊಂಡು ಮುಟ್ಟಿ, ಹತ್ತು ಸೆಕೆಂಡಿಗಿಂತ ಹೆಚ್ಚು ಮೇಲೆತ್ತಬೇಡಿ. ಫೋಟೊ ಹಾಕಿಕೊಳ್ಳಿ, ಸಣ್ಣ ತೊರೆಯ ಹೆಸರು ಮಾತ್ರ ಬೇಡ. ಮುಂದಿನ ಶನಿವಾರ ಅಲ್ಲಿ ನಿಮಗೇ ಜಾಗವಿರುವುದಿಲ್ಲ.

ಮನೆಗೆ ಹೊರಡುವ ಮುನ್ನ ಬೂಟಿನ ಕೆಸರು ಕೆರೆದು ತೊಳೆಯಿರಿ. ಒಂದು ಹೊಳೆಯ ರೋಗ, ಕೆಲವೇ ಮಿಲಿಮೀಟರ್ ಉದ್ದದ ನ್ಯೂಜಿಲೆಂಡ್ ಬಸವನಹುಳು ಇನ್ನೊಂದು ಹೊಳೆಗೆ ದಾಟುವುದು ಹೀಗೇ. ಕಂಬಳಿಯಂತೆ ನೀರು ಹೀರುವ ಫೆಲ್ಟ್ ಅಟ್ಟೆಯ ಬೂಟು ಬೇಗ ಒಣಗುವುದಿಲ್ಲ, ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 2018ರಿಂದ ಅದಕ್ಕೆ ನಿಷೇಧವಿದೆ. ರಬ್ಬರ್ ಅಟ್ಟೆಯದ್ದನ್ನೇ ಕೊಳ್ಳಿ, ಬೇರೆ ಹೊಳೆಗೆ ಇಳಿಯುವ ಮುನ್ನ ಪೂರ್ತಿ ಒಣಗಿದೆಯೇ ಎಂದು ಲೇಸಿನ ತೂತುಗಳ ತನಕ ಮುಟ್ಟಿ ನೋಡಿ.